ರೋಗದ ಕಥೆ ಯಾರ ಸೊತ್ತು?

ಹದಿಮೂರು ವರ್ಷಗಳ ಹಿಂದಿನ ಮಾತು. ನಮ್ಮ ಭಾಗದ ತಾಲೂಕು ಆಸ್ಪತ್ರೆಯೊಂದಕ್ಕೆ ಸ್ತ್ರೀರೋಗ ತಜ್ಞರನ್ನು ಕೊಡಿ ಎಂದು ಕೆಲವರು ಸೇರಿ ಹೋರಾಟ ಆರಂಭಿಸಿದ್ದರು. ಬೇಡಿಕೆ ನ್ಯಾಯವಾದದ್ದೇ. ಬರೀ ಮನವಿ ಪತ್ರ ಕೊಟ್ಟರೆ ಅಧಿಕಾರಿಗಳು ಕಡತದಲ್ಲಿ ಇಟ್ಟು ಮರೆತುಬಿಡುತ್ತಾರೆ. ಅದಕ್ಕಾಗಿ, ತಜ್ಞರಿಲ್ಲದೆ ಕಷ್ಟಪಟ್ಟ ಹೆಣ್ಣುಮಕ್ಕಳ ಅನುಭವಗಳನ್ನು ಸೇರಿಸಿ ಒಂದು ಪುಸ್ತಿಕೆ ತರುವುದೆಂದು ತೀರ್ಮಾನವಾಯಿತು. ಕಥೆಗಳನ್ನು ಹುಡುಕುತ್ತ ಅವರು ನನ್ನ ದವಾಖಾನೆಗೂ ಬಂದರು. ನಾನು ಹಿಂದೆಮುಂದೆ ನೋಡದೆ ಒಬ್ಬಾಕೆಯನ್ನು ತೋರಿಸಿದೆ.

ಆಕೆಗೆ ಗರ್ಭಕೋಶ ಜಾರಿ ಹೊರಗೆ ಬರುತ್ತಿತ್ತು. ಮೂತ್ರದ ತೊಂದರೆಯೂ ಇತ್ತು. ಗಂಡಸು ಡಾಕ್ಟರಿಗೆ ತೋರಿಸಲು ನಾಚಿ ಹನ್ನೊಂದು ವರ್ಷ ಹಾಗೇ ಕೂಲಿ ಮಾಡಿ, ಕೊನೆಗೆ ಮಿರಜಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡಿದ್ದಳು. ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಕ್ಕೀತು? ಔಷಧಿ ಚೀಟಿ ಹಿಡಿದು ನಿಂತಿದ್ದ ಆಕೆಗೆ ನಾನೇ ಹೇಳಿದೆ: “ಅಕ್ಕಾ, ಇವರಿಗೆ ನಿಮ್ಮ ತ್ರಾಸ ಏನಿತ್ತು ಹೇಳ್ರಿ. ಹೆಸರ ಹಾಕೂದಿಲ್ಲ.” ಆಕೆ ನನ್ನ ಮುಖ ನೋಡಿದಳು. “ನೀವು ಹೇಳಿದ ಮ್ಯಾಲ ಆತ್ರಿ ಸಾಹೇಬ್ರ” ಎಂದಳು. ಇದನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ.

ಪುಸ್ತಿಕೆಯಲ್ಲಿ ಆಕೆಯ ಹೆಸರು ಬದಲಾಗಿತ್ತು. ಆದರೆ ಉಳಿದದ್ದೆಲ್ಲ ಇದ್ದ ಹಾಗೇ ಇತ್ತು. ವಯಸ್ಸು, ಗಂಡ ತೀರಿಕೊಂಡ ವರ್ಷ, ಕೆಲಸ ಮಾಡುವ ಜಾಗ, ಮೂವರು ಹೆಣ್ಣುಮಕ್ಕಳು, ಮಿರಜಿನ ಆಪರೇಷನ್. ಬಹಿರಂಗ ಸಭೆಯಲ್ಲಿ ಒಬ್ಬರು ಅದನ್ನು ಭಾವಪೂರ್ಣವಾಗಿ ಓದಿದರು. ಅರ್ಧ ಓದುವುದರೊಳಗೆ ಸಭೆಯ ಹಿಂದಿನ ಸಾಲಿನ ಹೆಂಗಸರಿಗೆ ಅದು ಯಾರೆಂದು ಗೊತ್ತಾಗಿತ್ತು. ತಿಂಗಳೊಳಗೆ ಆಕೆಯ ದೊಡ್ಡ ಮಗಳಿಗೆ ಬಂದಿದ್ದ ಸಂಬಂಧ ತಪ್ಪಿಹೋಯಿತು. “ಅವರ ಮನ್ಯಾಗ ಆ ಬ್ಯಾನಿ ಐತಂತ” ಎಂಬ ಮಾತು ಬೀಗರ ಊರಿಗೆ ತಲುಪಿತ್ತು.

ಆಕೆ ನನ್ನ ದವಾಖಾನೆಗೆ ಬಂದಳು. ಜಗಳ ಆಡಲಿಲ್ಲ. “ಸಾಹೇಬ್ರ, ಹೆಸರ ಬದಲ ಮಾಡೀರಿ, ಖರೆ. ಓಣಿ ಬದಲ ಮಾಡಲಿಲ್ಲಲ್ರಿ” ಎಂದಷ್ಟೇ ಹೇಳಿ ಎದ್ದು ಹೋದಳು. ಆಮೇಲೆ ಎರಡು ವರ್ಷ ಈ ಕಡೆ ಬರಲಿಲ್ಲ.

ಈ ಪ್ರಸಂಗವನ್ನು ಈಗ ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಇದು ಯಾವ ತಾಲೂಕು ಎಂದು ಹೇಳುವುದಿಲ್ಲ. ರೋಗ, ವಯಸ್ಸು, ಮಕ್ಕಳು, ಊರು ಇವುಗಳಲ್ಲಿ ಕೆಲವನ್ನು ಬದಲಿಸಿದ್ದೇನೆ. ಯಾವುದನ್ನು ಬದಲಿಸಿದ್ದೇನೆ ಎಂಬುದನ್ನೂ ಹೇಳುವುದಿಲ್ಲ. ಆಗ ಮಾಡಬೇಕಾಗಿದ್ದ ಕೆಲಸವನ್ನು ಈಗ ಮಾಡುತ್ತಿದ್ದೇನೆ ಅಷ್ಟೆ.

ಹಾಗಾದರೆ ರೋಗಿಗಳ ಅನುಭವಗಳನ್ನು ಹೊರಗೆ ಹೇಳಲೇಬಾರದೆ? ಹಾಗಲ್ಲ. ಹೇಳಿದ್ದರಿಂದ ಒಂದು ದೇಶದ ಸಂವಿಧಾನವೇ ಬದಲಾದದ್ದನ್ನು ನಮ್ಮ ಜಿಲ್ಲೆಯವರು ಕಣ್ಣಾರೆ ಕಂಡಿದ್ದೇವೆ.

ಬೆಳಗಾವಿಯ ಯಾಳಗಿ ಕುಟುಂಬದ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ ಅವರನ್ನು ಓದುಗರು ಮರೆತಿರಲಿಕ್ಕಿಲ್ಲ. 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಗೆ ಅವರು ಹೋದಾಗ ಹದಿನೇಳು ವಾರಗಳ ಗರ್ಭಿಣಿ. ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ, ಭ್ರೂಣದ ಹೃದಯಬಡಿತ ಇದೆ ಎಂಬ ಕಾರಣಕ್ಕೆ ಗರ್ಭಪಾತ ಮಾಡಿಸಬೇಕೆಂಬ ಕೋರಿಕೆ ಈಡೇರಲಿಲ್ಲ. ರಕ್ತಕ್ಕೆ ನಂಜೇರಿ ಅಕ್ಟೋಬರ್ 28ರಂದು ತೀರಿಕೊಂಡರು. ವಯಸ್ಸು 31. ಅವರ ಪತಿ ಪ್ರವೀಣ ಅವರು ನಡೆದದ್ದನ್ನು ಪತ್ರಿಕೆಗೆ ತಿಳಿಸಿದರು. ನವೆಂಬರ್ 14ರಂದು ‘ದಿ ಐರಿಷ್ ಟೈಮ್ಸ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಜನ ಬೀದಿಗೆ ಬಂದರು. 2013ರಲ್ಲಿ ತಾಯಿಯ ಜೀವರಕ್ಷಣೆಯ ಕಾನೂನು ಬಂತು. 2018ರ ಮೇ 25ರಂದು ನಡೆದ ಜನಮತದಲ್ಲಿ ಶೇಕಡ 66.4ರಷ್ಟು ಮತದಾರರು ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು. ಮತದಾನಕ್ಕೆ ಮುನ್ನ ಬೆಳಗಾವಿಯಿಂದ ಅವರ ತಂದೆ, ನನ್ನ ಮಗಳನ್ನು ನೆನೆದು ಮತ ಹಾಕಿ ಎಂದು ಆ ದೇಶದ ಜನರನ್ನು ಕೇಳಿಕೊಂಡಿದ್ದರು. ಹೊಸ ಕಾನೂನಿಗೆ ಮಗಳ ಹೆಸರಿಡಿ ಎಂದೂ ಕೇಳಿದ್ದರು. ಆ ಹೆಸರು ಕಾನೂನಿನ ಮೇಲೆ ಬರಲಿಲ್ಲ. ಆದರೆ ಆ ಕಾನೂನು ಬಂದದ್ದೇ ಆ ಹೆಸರಿನಿಂದ ಎಂಬುದನ್ನು ಅಲ್ಲಿ ಯಾರೂ ಅಲ್ಲಗಳೆಯಲಾರರು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಆ ದೇಶದ ಆರೋಗ್ಯ ಇಲಾಖೆ 2013ರಲ್ಲಿ ಪ್ರಕಟಿಸಿದ ತನಿಖಾ ವರದಿಯ ತಲೆಬರಹದಲ್ಲಿ ಸವಿತಾ ಎಂಬ ಹೆಸರಿಲ್ಲ. ಅಲ್ಲಿ ಅದು ‘ಘಟನೆ 50278’. ಸರಕಾರ ಸಂಖ್ಯೆಯನ್ನು ಬಳಸಿತು, ಮನೆಯವರು ಹೆಸರನ್ನು ಬಳಸಿದರು. ಎರಡೂ ಸರಿಯೇ. ಏಕೆಂದರೆ ಹೆಸರನ್ನು ಹೊರಗೆ ತರುವ ಹಕ್ಕು ಇಲಾಖೆಯದಲ್ಲ, ಮನೆಯವರದು. ಪತಿ ಸ್ವತಃ ನಿರ್ಧರಿಸಿದರು. ಹೆತ್ತವರು ಆರು ವರ್ಷಗಳಾದ ಮೇಲೂ ಅದೇ ಮಾತಿಗೆ ನಿಂತರು. ಯಾರೋ ಡಾಕ್ಟರು ಹೇಳಿದರೆಂದು ಅಲ್ಲ, ಯಾವುದೋ ಸಂಘಟನೆ ಕೇಳಿತೆಂದು ಅಲ್ಲ.

ನನ್ನ ಮಾತಿನ ಸಾರಾಂಶ ಇಷ್ಟೆ. ರೋಗದ ಕಥೆ ರೋಗಿಯ ಸೊತ್ತು. ರೋಗಿ ಇಲ್ಲದಿದ್ದರೆ ಆತನ ಅಥವಾ ಆಕೆಯ ಹತ್ತಿರದವರದು. ಅದು ಡಾಕ್ಟರ ಸೊತ್ತಲ್ಲ, ಸಂಘಟನೆಯ ಸೊತ್ತಲ್ಲ, ಪತ್ರಿಕೆಯ ಸೊತ್ತೂ ಅಲ್ಲ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಕೇಳದೆ ತೆಗೆದುಕೊಂಡರೆ ಅದನ್ನು ಕಳವು ಎಂದೇ ಹೇಳಬೇಕು. ನನ್ನ ಹಾಗೆ ಅರ್ಧಂಬರ್ಧ ಕೇಳಿ ತೆಗೆದುಕೊಂಡರೂ ಕಳವೇ.

ಅದೇ ಐರ್ಲೆಂಡಿನಲ್ಲಿ 2018ರ ಜನಮತದ ಹೊತ್ತಿನಲ್ಲಿ ಮತ್ತೊಂದು ಕೆಲಸವೂ ನಡೆಯಿತು. ಸಾವಿರಾರು ಹೆಣ್ಣುಮಕ್ಕಳಿಗೆ ತಮ್ಮ ಅನುಭವ ಹೇಳಬೇಕಿತ್ತು, ಆದರೆ ಮುಖ ತೋರಿಸುವಂತಿರಲಿಲ್ಲ. ಅಂಥವರಿಗಾಗಿ ‘ಇನ್ ಹರ್ ಶೂಸ್’ ಎಂಬ ಫೇಸ್‌ಬುಕ್ ಪುಟ ಶುರುವಾಯಿತು. ಪ್ರತಿ ಕಥೆಯ ಜೊತೆಗೂ ಒಂದು ಜೊತೆ ಪಾದರಕ್ಷೆಯ ಚಿತ್ರ. ಹೆಸರಿಲ್ಲ, ಮುಖವಿಲ್ಲ. ಓದಿದವರ ಮನಸ್ಸು ಕರಗಲು ಅಷ್ಟೇ ಸಾಕಾಯಿತು. ಒಂದೇ ಹೋರಾಟದಲ್ಲಿ ಹೆಸರು ಹೇಳಬಯಸಿದವರಿಗೂ ಜಾಗವಿತ್ತು, ಹೇಳಬಯಸದವರಿಗೂ ಜಾಗವಿತ್ತು.

ಈಗ ನಮ್ಮ ಊರುಗಳ ಮಾತಿಗೆ ಬರೋಣ. ಬೆಂಗಳೂರು, ಮುಂಬಯಿಯಂಥ ಊರಿನಲ್ಲಿ ಹೆಸರು ಬದಲಿಸಿದರೆ ಮನುಷ್ಯ ಮರೆಯಾಗಬಹುದು. ನಮ್ಮಲ್ಲಿ ಆಗುವುದಿಲ್ಲ. ಇಲ್ಲಿ ಯಾರ ಮನೆಯಲ್ಲಿ ಯಾವ ಎಮ್ಮೆ ಗಬ್ಬ ಇದೆ ಎಂಬುದೂ ಓಣಿಗೆ ಗೊತ್ತು. ‘ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ 52 ವರ್ಷದ ವ್ಯಕ್ತಿ, ಇಬ್ಬರು ಗಂಡುಮಕ್ಕಳು, ಕಳೆದ ದೀಪಾವಳಿಗೆ ಕೊಲ್ಹಾಪುರದಲ್ಲಿ ಕಿಡ್ನಿ ಚಿಕಿತ್ಸೆ’ ಎಂದು ಬರೆದರೆ, ಹೆಸರು ಏಕೆ ಬೇಕು? ಓದಿದವರೇ ತುಂಬಿಕೊಳ್ಳುತ್ತಾರೆ. ಅಮೆರಿಕದಲ್ಲಿ ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ 2000ದಲ್ಲಿ ಒಂದು ಲೆಕ್ಕ ಕೊಟ್ಟರು. ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬುದು, ಪಿನ್ ಕೋಡ್, ಈ ಮೂರೇ ಸೇರಿದರೆ ಆ ದೇಶದ ಶೇಕಡ 87ರಷ್ಟು ಜನರನ್ನು ಒಬ್ಬೊಬ್ಬರಾಗಿ ಗುರುತಿಸಬಹುದು ಎಂದು. ಅಷ್ಟು ದೊಡ್ಡ ದೇಶದಲ್ಲೇ ಹೀಗಾದರೆ ಐದು ಸಾವಿರ ಮನೆಗಳ ಊರಿನಲ್ಲಿ?

ಕೊರೋನಾ ಕಾಲದಲ್ಲಿ ನಾವು ಇದನ್ನು ಅನುಭವಿಸಿದ್ದೇವೆ. 2020ರ ಮಾರ್ಚಿನಲ್ಲಿ, ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ಸರಕಾರವೇ ಪ್ರಕಟಿಸಿತು. ಏಪ್ರಿಲಿನಲ್ಲಿ ರಾಯಬಾಗ ತಾಲೂಕಿನ ಕುಡಚಿಯಲ್ಲಿ ಸೋಂಕು ಕಾಣಿಸಿಕೊಂಡಿತು. ದಿನಾಲೂ ಸಂಜೆ ಬರುತ್ತಿದ್ದ ಸರಕಾರಿ ಪ್ರಕಟಣೆಯಲ್ಲಿ ಹೆಸರು ಇರುತ್ತಿರಲಿಲ್ಲ. ‘ಪಿ’ ಅಕ್ಷರದ ಮುಂದೆ ಒಂದು ಸಂಖ್ಯೆ, ವಯಸ್ಸು, ಗಂಡು ಅಥವಾ ಹೆಣ್ಣು, ಊರು, ಯಾವ ಸಂಖ್ಯೆಯ ರೋಗಿಯ ಸಂಪರ್ಕ ಎಂಬುದು, ಇಷ್ಟೇ. ಆದರೆ ಅಷ್ಟರಿಂದಲೇ ಯಾರ ಮನೆಯ ಯಾರು ಎಂದು ಊರಿನವರು ಅರ್ಧ ಗಂಟೆಯಲ್ಲಿ ಹೇಳುತ್ತಿದ್ದರು. ಆಂಬುಲೆನ್ಸ್ ಬಂದ ಮನೆಗೆ ಹಾಲು ಹಾಕುವವರೂ ಹೋಗುತ್ತಿರಲಿಲ್ಲ. ಜ್ವರ ಬಂದರೂ ಹೇಳದೆ ಮನೆಯಲ್ಲೇ ಗುಳಿಗೆ ನುಂಗಿ ಕುಳಿತವರನ್ನು ಆ ದಿನಗಳಲ್ಲಿ ನಾನು ಕಂಡಿದ್ದೇನೆ. ರೋಗದ ಭಯಕ್ಕಿಂತ ಪಟ್ಟಿಯ ಭಯ ದೊಡ್ಡದಾಗಿತ್ತು.

ವೈದ್ಯನಾಗಿ ನನ್ನನ್ನು ಹೆಚ್ಚು ಕಾಡುವುದು ಇದೇ. ಗುಟ್ಟು ಹೊರಬಿದ್ದರೆ ಒಬ್ಬರ ಮಾನ ಮಾತ್ರ ಹೋಗುವುದಿಲ್ಲ, ಹತ್ತು ಜನರ ಚಿಕಿತ್ಸೆ ತಪ್ಪುತ್ತದೆ. ಆ ಸಭೆಯಾದ ಮೇಲೆ ಹಲವು ತಿಂಗಳು ನನ್ನ ದವಾಖಾನೆಗೆ ಬಂದ ಹೆಂಗಸರು ತಲೆನೋವು, ಸುಸ್ತು ಎಂದು ಹೇಳಿ ಗುಳಿಗೆ ತೆಗೆದುಕೊಂಡು ಹೋಗುತ್ತಿದ್ದರು. ಒಳಗಿನ ತೊಂದರೆ ಬಾಯಿಗೆ ಬರುತ್ತಿರಲಿಲ್ಲ. ಬಿಳಿಸೆರಗು, ಕೆಳಹೊಟ್ಟೆಯ ನೋವು, ಎದೆಯಲ್ಲಿನ ಗಂಟು ಇವನ್ನು ಆರು ತಿಂಗಳು ತಡವಾಗಿ ಹೇಳಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಚಿಕಿತ್ಸೆ ಸಿಗಲೆಂದು ನಡೆದ ಹೋರಾಟವೇ ಕೆಲವರನ್ನು ಚಿಕಿತ್ಸೆಯಿಂದ ದೂರ ಮಾಡಿತು. ನಮ್ಮ ಹಿರಿಯರು ಬಸ್ಸು, ರೈಲು ಹತ್ತಿ ಮಿರಜಿಗೆ ಹೋಗುತ್ತಿದ್ದುದು ದೊಡ್ಡ ಡಾಕ್ಟರಿದ್ದಾರೆ ಎಂದು ಮಾತ್ರವಲ್ಲ, ಅಲ್ಲಿ ಗುರುತಿನವರು ಇಲ್ಲ ಎಂದೂ ಹೌದು. ಇಂದಿಗೂ ಕೆಲವು ಪರೀಕ್ಷೆಗಳಿಗೆ ಜನ ಗಡಿ ದಾಟಿ ಹೋಗುವುದು ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ ಕಥೆಯ ಆಯುಷ್ಯದ ಬಗ್ಗೆ. ಸಿನಿಮಾ ಥಿಯೇಟರಿನಲ್ಲಿ ಚಿತ್ರ ಶುರುವಾಗುವ ಮುನ್ನ ಗುಟ್ಕಾ ವಿರುದ್ಧದ ಜಾಹೀರಾತಿನಲ್ಲಿ ಬರುತ್ತಿದ್ದ ಮುಕೇಶ್ ನಿಮಗೆಲ್ಲ ಗೊತ್ತು. ಅವರು ನಟನಲ್ಲ. ಮುಕೇಶ್ ಹರಾಣೆ ಎಂಬ ಮಹಾರಾಷ್ಟ್ರದ ನಿಜವಾದ ಯುವಕ. ಬಾಯಿ ಕ್ಯಾನ್ಸರಿನಿಂದ 2009ರಲ್ಲಿ 24ನೆಯ ವಯಸ್ಸಿಗೆ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಚಿತ್ರದಿಂದ ಎಷ್ಟೋ ಮಂದಿ ಗುಟ್ಕಾ ಬಿಟ್ಟಿರಬಹುದು. ಒಳ್ಳೆಯದೇ. ಆದರೆ ಕೆಲವೇ ವರ್ಷಗಳಲ್ಲಿ ಆ ಹೆಸರು ಹುಡುಗರ ಬಾಯಲ್ಲಿ ತಮಾಷೆಯಾಯಿತು. ಥಿಯೇಟರಿನಲ್ಲಿ ಅವರ ಮುಖ ಕಂಡೊಡನೆ ನಗುವವರನ್ನು ನಾನೇ ನೋಡಿದ್ದೇನೆ. ಸಾಯುವ ಹೊತ್ತಿನಲ್ಲಿ ಕ್ಯಾಮೆರಾ ಮುಂದೆ ಮಾತನಾಡಿದ ಹುಡುಗನಿಗೆ, ಮುಂದೆ ತನ್ನ ಹೆಸರು ಹೀಗೆ ತಿರುಗಾಡೀತೆಂದು ಯಾರು ತಾನೇ ಹೇಳಲು ಸಾಧ್ಯವಿತ್ತು? ತಂಬಾಕಿನಿಂದಲೇ ಹೆಸರಾದ ನಿಪ್ಪಾಣಿಯ ನೆರೆಯವರಾದ ನಾವು ಇದನ್ನು ಯೋಚಿಸಬೇಕು.

ಅದಕ್ಕೆ ಎದುರಾಗಿ ಮಧ್ಯಪ್ರದೇಶದ ಸುನೀತಾ ತೋಮರ್ ಅವರನ್ನೂ ನೆನೆಯಬೇಕು. ಬಾಯಿ ಕ್ಯಾನ್ಸರಾದ ಮೇಲೆ ಅವರೇ ಮುಂದೆ ಬಂದು ತಂಬಾಕು ವಿರೋಧಿ ಪ್ರಚಾರಕ್ಕೆ ಮುಖವಾದರು. ತಂಬಾಕು ಪೊಟ್ಟಣಗಳ ಮೇಲಿನ ಎಚ್ಚರಿಕೆಯ ಚಿತ್ರ ದೊಡ್ಡದಾಗಬೇಕೆಂದು ಪ್ರಧಾನಿಗೆ ಪತ್ರ ಬರೆದರು. 2015ರ ಏಪ್ರಿಲ್ 1ರಂದು 28ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಾನೇ ಮುಂದಾಗಿ ಹೆಸರು ಹೇಳಿಕೊಂಡು ಬರುವವರನ್ನು, ನಿಮಗೆ ಮಾನ ಹೋದೀತು ಸುಮ್ಮನಿರಿ ಎಂದು ಬಾಯಿ ಮುಚ್ಚಿಸುವುದೂ ತಪ್ಪೇ. ಗೋಪ್ಯತೆ ಎಂದರೆ ಬಾಯಿ ಮುಚ್ಚಿಸುವುದಲ್ಲ. ಬಾಯಿ ತೆರೆಯುವುದೋ ಮುಚ್ಚುವುದೋ ಎಂಬ ತೀರ್ಮಾನ ಅವರದೇ ಆಗಿರುವುದು.

ಕಾನೂನು ಏನು ಹೇಳುತ್ತದೆ? ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಾವಳಿಯ ಪ್ರಕಾರ, ಕೋರ್ಟಿನ ಆದೇಶ, ಸಾಂಕ್ರಾಮಿಕ ರೋಗದ ವರದಿ ಮುಂತಾದ ಕೆಲವೇ ಸಂದರ್ಭಗಳನ್ನು ಬಿಟ್ಟರೆ ರೋಗಿಯ ಗುಟ್ಟನ್ನು ವೈದ್ಯ ಹೊರಗೆಡಹುವಂತಿಲ್ಲ. ಗುರುತು ಸಿಗುವ ರೀತಿಯಲ್ಲಿ ರೋಗಿಯ ಫೋಟೋ ಅಥವಾ ವಿವರವನ್ನು ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ. ಎಚ್‌ಐವಿ ಸೋಂಕು ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿ ನಮ್ಮ ಬೆಳಗಾವಿಯೂ, ಪಕ್ಕದ ಬಾಗಲಕೋಟೆಯೂ ಇದ್ದ ದಿನಗಳಲ್ಲಿ ಕ್ಯಾಮೆರಾ ಹಿಡಿದು ಬಂದವರು ಕಡಿಮೆಯಿರಲಿಲ್ಲ. 2017ರ ಎಚ್‌ಐವಿ ಕಾನೂನು ಇದಕ್ಕೆ ಕಡಿವಾಣ ಹಾಕಿತು. ನಂಬಿ ಹೇಳಿದ ಸೋಂಕಿನ ವಿಷಯವನ್ನು ತಿಳುವಳಿಕೆಯ ಲಿಖಿತ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ಅದೇ ವರ್ಷದ ಮಾನಸಿಕ ಆರೋಗ್ಯ ಕಾನೂನು, ಚಿಕಿತ್ಸೆಯಲ್ಲಿರುವವರ ಫೋಟೋ ಅಥವಾ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎನ್ನುತ್ತದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ದಾವೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾನೂನಿನ ಒಂದು ಪಟ್ಟಿ. ಮಗುವಿನ ಹೆಸರು, ವಿಳಾಸ, ಫೋಟೋ ಬರೆಯಬೇಡಿ ಎಂದು ಹೇಳಿ ಅದು ನಿಲ್ಲುವುದಿಲ್ಲ. ಕುಟುಂಬದ ವಿವರ, ಶಾಲೆ, ನೆರೆಹೊರೆ ಇವನ್ನೂ ಮಾಧ್ಯಮದಲ್ಲಿ ಬಹಿರಂಗಪಡಿಸಬೇಡಿ ಎನ್ನುತ್ತದೆ. ಓಣಿಯಿಂದ ಗುರುತು ಹತ್ತುತ್ತದೆ ಎಂಬುದು ಆ ಕಾನೂನು ಬರೆದವರಿಗೆ ತಿಳಿದಿತ್ತು. ನನ್ನ ದವಾಖಾನೆಗೆ ಬಂದ ಆ ಹೆಣ್ಣುಮಗಳಿಗೂ ತಿಳಿದಿತ್ತು. ಎಂಬಿಬಿಎಸ್ ಓದಿದ ನನಗೆ ತಿಳಿದಿರಲಿಲ್ಲ.

ಹೋರಾಟಗಾರರು ಒಂದು ಪ್ರಶ್ನೆ ಕೇಳುತ್ತಾರೆ: “ಎಲ್ಲ ಮುಚ್ಚಿಟ್ಟರೆ ಅಧಿಕಾರಿಗಳು ನಂಬುವುದಾದರೂ ಹೇಗೆ? ಹೆಸರಿಲ್ಲದ ಕಥೆಗೆ ಬೆಲೆ ಏನು?” ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ನೆರೆರಾಜ್ಯದಲ್ಲಿದೆ. ಹೆರಿಗೆಯಲ್ಲಿ ತಾಯಂದಿರು ಏಕೆ ಸಾಯುತ್ತಾರೆ ಎಂದು ತಿಳಿಯಲು ಕೇರಳದ ಪ್ರಸೂತಿ ತಜ್ಞರ ಒಕ್ಕೂಟ 2004ರಲ್ಲಿ ಗೋಪ್ಯ ಪರಿಶೀಲನೆ ಆರಂಭಿಸಿತು. ತಾಯಿಯ, ಆಸ್ಪತ್ರೆಯ, ವೈದ್ಯರ ಗುರುತನ್ನೆಲ್ಲ ತೆಗೆದ ಮೇಲೆಯೇ ಪ್ರಕರಣವನ್ನು ತಜ್ಞರ ಮುಂದೆ ಇಡುತ್ತಾರೆ. ಇಂಗ್ಲೆಂಡಿನಲ್ಲಿ 1952ರಿಂದಲೇ ಈ ಪದ್ಧತಿ ಇದೆ. ಹೆಸರಿಲ್ಲದ ಆ ಪ್ರಕರಣಗಳಿಂದಲೇ ರಕ್ತಸ್ರಾವ ನಿಲ್ಲಿಸುವ, ಅಧಿಕ ರಕ್ತದೊತ್ತಡ ನಿಭಾಯಿಸುವ ಪಾಠಗಳು ಹೊರಬಂದವು. ಹೆಸರು ಹೊರಗೆ ಬರುವುದಿಲ್ಲ ಎಂಬ ನಂಬಿಕೆಯಿದ್ದುದರಿಂದಲೇ ನಿಜ ಹೊರಗೆ ಬಂತು. ನಮ್ಮ ಬೇಡಿಕೆಗಳಿಗೂ ಹೀಗೇ ಮಾಡಬಹುದು. ‘ಈ ತಾಲೂಕಿನ ಇಷ್ಟು ಮಂದಿ ಹೆರಿಗೆಗಾಗಿ ಇಷ್ಟು ಕಿಲೋಮೀಟರ್ ದೂರ ಹೋದರು’ ಎಂಬ ಲೆಕ್ಕ ಕೊಡಿ. ಜೊತೆಗೆ ಗುರುತು ಸಿಗದ ಎರಡು ಕಥೆ ಸೇರಿಸಿ. ಅಧಿಕಾರಿಗೆ ಖಾತ್ರಿಯಾಗಬೇಕೆಂದರೆ, ರೋಗಿ ಒಪ್ಪಿದರೆ ಮಾತ್ರ, ವಿವರವನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಿ. ನಾಲ್ಕೈದು ಮಂದಿಯ ಅನುಭವ ಸೇರಿಸಿ ಒಂದು ಕಥೆ ಮಾಡಿದ್ದರೆ, ಹಾಗೆ ಮಾಡಿದ್ದೇವೆಂದು ಸ್ಪಷ್ಟವಾಗಿ ಬರೆಯಿರಿ.

ಕಥೆ ಕೇಳಲು ಹೋಗುವ ಸಂಘ ಸಂಸ್ಥೆಯವರು, ವರದಿಗಾರರು, ವಿದ್ಯಾರ್ಥಿಗಳು ಈ ಕೆಲವು ಮಾತುಗಳನ್ನು ನೆನಪಿಡಬೇಕು:

1. ವೈದ್ಯರ, ನರ್ಸಿನ, ಆಶಾ ಕಾರ್ಯಕರ್ತೆಯ ಎದುರಿನಲ್ಲಿ ಒಪ್ಪಿಗೆ ಕೇಳಬೇಡಿ. ನಾಳೆ ಮತ್ತೆ ಅವರಿಂದಲೇ ಚಿಕಿತ್ಸೆ ಪಡೆಯಬೇಕಾದವರು ‘ಒಲ್ಲೆ’ ಎನ್ನಲಾರರು. ಒಲ್ಲೆ ಎನ್ನಲು ಸಾಧ್ಯವಿಲ್ಲದ ಕಡೆ ಸಿಕ್ಕ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

2. ಇಂಗ್ಲಿಷಿನಲ್ಲಿ ಅಚ್ಚಾದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ. ಕನ್ನಡವೋ ಮರಾಠಿಯೋ, ಅವರಾಡುವ ಮಾತಿನಲ್ಲಿ ತಿಳಿಸಿ ಹೇಳಿ. ಎಲ್ಲಿ ಅಚ್ಚಾಗುತ್ತದೆ, ಯಾರು ಓದುತ್ತಾರೆ, ಮೊಬೈಲಿನಲ್ಲಿ ಎಷ್ಟು ದೂರ ಹೋಗಬಹುದು ಎಂಬುದನ್ನೂ ಹೇಳಿ. ಯೋಚಿಸಲು ಎರಡು ದಿನ ಕೊಡಿ.

3. ಸೊಸೆಯ ಕಥೆಗೆ ಅತ್ತೆಯ ಒಪ್ಪಿಗೆ, ಹೆಂಡತಿಯ ಕಥೆಗೆ ಗಂಡನ ಒಪ್ಪಿಗೆ ಸಾಲದು. ಆಕೆಯನ್ನೇ, ಒಬ್ಬಳೇ ಇರುವಾಗ ಕೇಳಿ.

4. ಬರೆದದ್ದನ್ನು ಅಚ್ಚಿಗೆ ಕೊಡುವ ಮುನ್ನ ಅವರಿಗೆ ಓದಿ ಹೇಳಿ. ಬೇಡವೆಂದ ವಾಕ್ಯ ತೆಗೆಯಿರಿ. ಯಾವ ದಿನದವರೆಗೆ ಮನಸ್ಸು ಬದಲಿಸಬಹುದು ಎಂದು ತಿಳಿಸಿ. ಅಚ್ಚಾದ ಮೇಲೆ ವಾಪಸು ಪಡೆಯಲು ಆಗುವುದಿಲ್ಲ ಎಂಬುದನ್ನು ಮರೆಮಾಚಬೇಡಿ.

5. ‘ಇದನ್ನು ಈಕೆಯ ನೆಗೆಣ್ಣಿ ಓದಿದರೆ ಗುರುತಿಸುತ್ತಾಳೆಯೇ?’ ಎಂದು ಕೇಳಿಕೊಳ್ಳಿ. ಹೌದಾದರೆ ಇನ್ನೂ ಬದಲಿಸಬೇಕು. ಬೇಡಿಕೆಗೆ ಅಗತ್ಯವಿಲ್ಲದ ವಿವರ ಒಂದೂ ಬೇಡ. ಸ್ತ್ರೀರೋಗ ತಜ್ಞರು ಬೇಕೆಂಬ ಬೇಡಿಕೆಗೆ ಆಕೆಯ ಜಾತಿ, ಮಕ್ಕಳ ಸಂಖ್ಯೆ, ಗಂಡ ತೀರಿಕೊಂಡ ವರ್ಷ ಏಕೆ?

6. ನಿಜವಾದ ಹೆಸರುಗಳ ಪಟ್ಟಿಯನ್ನು ಕಥೆಯ ಕಾಗದಗಳ ಜೊತೆ ಇಡಬೇಡಿ. ಬೇರೆ ಕಡೆ ಬೀಗ ಹಾಕಿ ಇಡಿ, ಕೆಲಸ ಮುಗಿದ ಮೇಲೆ ಹರಿದು ಹಾಕಿ. ಮೊಬೈಲಿನಲ್ಲಿ ತೆಗೆದ ಫೋಟೋ, ರಿಪೋರ್ಟಿನ ಚಿತ್ರಗಳನ್ನೂ ಅಳಿಸಿ.

ಈ ಅಂಕಣ ಓದುವ ಮನೆಯವರಿಗೂ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದಾಗ ಹಣದ ನೆರವಿಗಾಗಿ ಫೋಟೋ, ರಿಪೋರ್ಟು, ಬ್ಯಾಂಕ್ ಖಾತೆ ಎಲ್ಲವನ್ನೂ ವಾಟ್ಸಾಪಿನಲ್ಲಿ ಬಿಡುವುದು ಈಗ ಸಾಮಾನ್ಯವಾಗಿದೆ. ಕಷ್ಟದಲ್ಲಿ ಕೈಚಾಚುವುದು ತಪ್ಪಲ್ಲ. ಆದರೆ ನಳಿಕೆ ಹಾಕಿಕೊಂಡು ಮಲಗಿರುವ ಹನ್ನೆರಡು ವರ್ಷದ ಹುಡುಗಿಯ ಫೋಟೋ, ಆಕೆ ಗುಣವಾಗಿ ಕಾಲೇಜಿಗೆ ಹೋದ ಮೇಲೂ ಯಾರದೋ ಮೊಬೈಲಿನಲ್ಲಿ ಉಳಿದಿರುತ್ತದೆ. ಮುಖ ಕಾಣದ ಫೋಟೋ ಹಾಕಿದರೂ ನೆರವು ಬರುತ್ತದೆ. ಆಸ್ಪತ್ರೆಯ ಖರ್ಚಿನ ಅಂದಾಜು ಪತ್ರ ಸಾಕು, ರೋಗದ ಪೂರ್ತಿ ರಿಪೋರ್ಟು ಬೇಕಾಗಿಲ್ಲ. ತಿಳಿವಳಿಕೆ ಬಂದ ಮಗುವಾದರೆ ಮಗುವನ್ನೂ ಒಂದು ಮಾತು ಕೇಳಿ. ಯಾರಾದರೂ ನಿಮ್ಮ ಕಾಯಿಲೆಯ ಕಥೆ ಕೇಳಲು ಬಂದರೆ ಸಂಕೋಚವಿಲ್ಲದೆ ಪ್ರಶ್ನಿಸಿ: ನೀವು ಯಾರು, ಇದು ಎಲ್ಲಿ ಬರುತ್ತದೆ, ಬರೆದದ್ದನ್ನು ನನಗೆ ತೋರಿಸುತ್ತೀರಾ, ನಾನು ಬೇಡವೆಂದರೆ ಚಿಕಿತ್ಸೆಗೆ ತೊಂದರೆ ಇಲ್ಲ ತಾನೆ? ಉತ್ತರ ತೃಪ್ತಿಯಾಗದಿದ್ದರೆ ‘ಒಲ್ಲೆ’ ಎನ್ನಿ. ಅದಕ್ಕೆ ಕಾರಣ ಕೊಡಬೇಕಾಗಿಯೂ ಇಲ್ಲ.

ನಮ್ಮ ತಾಲೂಕುಗಳಲ್ಲಿ ಕೇಳಬೇಕಾದ ಬೇಡಿಕೆಗಳು ಇನ್ನೂ ಬಹಳ ಇವೆ. ತಜ್ಞ ವೈದ್ಯರು, ರಕ್ತ, ಡಯಾಲಿಸಿಸ್, ಕಬ್ಬು ಕಡಿಯಲು ಬರುವ ಹೆಣ್ಣುಮಕ್ಕಳ ಆರೋಗ್ಯ. ಇವಕ್ಕಾಗಿ ಜನ ಬಾಯಿ ಬಿಡಲೇಬೇಕು. ಬಾಯಿ ಬಿಟ್ಟವರ ಬದುಕು ಕೆಡುವುದಿಲ್ಲ ಎಂಬ ಭರವಸೆ ಇದ್ದರೆ ಮಾತ್ರ ಅವರು ಬಾಯಿ ಬಿಡುತ್ತಾರೆ.

ಆ ಹೆಣ್ಣುಮಗಳ ದೊಡ್ಡ ಮಗಳಿಗೆ ಮುಂದೆ ಬೇರೆ ಕಡೆ ಮದುವೆಯಾಯಿತು, ಚೆನ್ನಾಗಿದ್ದಾಳೆ. ಕಳೆದ ವಾರ ಈ ಲೇಖನವನ್ನು ಆಕೆಯ ಮನೆಗೆ ಒಯ್ದು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಒಂದು ವಾಕ್ಯ ತೆಗೆಯಿರಿ ಎಂದಳು. ತೆಗೆದೆ. “ಈಗ ಹಾಕ್ರಿ” ಎಂದಳು. ಹಾಕಿದ್ದೇನೆ.